ಒಂದು ಬೆಳ್ಳಿಯ ಪದಕವೋ, ಕೈತುಂಬ ಪದಕಗಳೋ?

ಸದಾಶಿವಗಡದ ಓದುಗರೊಬ್ಬರು ಬರೆದಿದ್ದಾರೆ: “ಕಾನ್ವೆಂಟ್ ಶಾಲೆಯಲ್ಲಿ ನಮಗೆ ಗಣಿತ ಕಲಿಸಿದ ಸಿಸ್ಟರ್ ಮೊದಲ ವ್ರತ ತೊಟ್ಟು ಈ ಡಿಸೆಂಬರಿಗೆ ಐವತ್ತು ವರ್ಷವಾಗುತ್ತದೆ. ಹಳೆಯ ವಿದ್ಯಾರ್ಥಿನಿಯರು ಹಣ ಕೂಡಿಸಿ ಬೆಳ್ಳಿಯ ಪದಕ ಮಾಡಿಸುವವರಿದ್ದೇವೆ. ಯಾವ ಸಂತರ ಚಿತ್ರ ಬೇಕಾದರೂ, ಹಿಂಬದಿಗೆ ಯಾವ ಸಾಲು ಬೇಕಾದರೂ ಕೊರೆದುಕೊಡುವ ಆನ್‌ಲೈನ್ ಅಂಗಡಿ ಸಿಕ್ಕಿದೆ. ಸಿಸ್ಟರ್ ಅವರ ಮುಖವನ್ನೇ ಹಾಕಿಸಬಹುದೇ? ಇಲ್ಲವಾದರೆ ಯಾವ ಸಂತರು? ನಾನು ಹಿಂದೂ, ನಾನು ಕೊಟ್ಟರೆ ತಪ್ಪಾದೀತೇ?”

ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಯಲ್ಲಿ ಅಳುಕು ಕಾಣುತ್ತದೆ, ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತಪ್ಪೇನೂ ಇಲ್ಲ. ಡಿಸೆಂಬರ್ 3ರಂದು ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಮೇಣದಬತ್ತಿ ಹಿಡಿದು ನಿಂತವರ ಜಾತಿಯನ್ನು ಯಾರೂ ಕೇಳುವುದಿಲ್ಲ. ಹಾಗಿರುವಾಗ ಲೆಕ್ಕ ಕಲಿಸಿದ ಗುರುವಿಗೆ ನೀವು ಕೊಡುವ ಪದಕಕ್ಕೆ ಯಾರ ಅಪ್ಪಣೆ ಬೇಕು?

ಸಿಸ್ಟರ್ ಅವರ ಮುಖ ಮಾತ್ರ ಬೇಡ. ಕ್ಯಾಥೊಲಿಕರು ಕೊರಳಲ್ಲಿ ಧರಿಸುವ ಇಂಥ ಪದಕದಲ್ಲಿ ಅದು ವಾಡಿಕೆಯಾಗಿ ಧರ್ಮಸಭೆ ಸಂತರೆಂದು ಸಾರಿದವರ ಜಾಗ. ಜೊತೆಗೆ, ಈ ಪದಕಗಳ ಚರಿತ್ರೆಯಲ್ಲೇ ನಿಮಗೆ ಬೇಕಾದ ಉತ್ತರವಿದೆ. ಮಿರಾಕ್ಯುಲಸ್ ಮೆಡಲ್ ಎಂದು ಎಲ್ಲರೂ ಕರೆಯುವ ಪದಕ ಹುಟ್ಟಿದ್ದು ಪ್ಯಾರಿಸ್‌ನಲ್ಲಿ. 1830ರಲ್ಲಿ ಕ್ಯಾಥರೀನ್ ಲಬೂರೆ ಎಂಬ ಕಿರಿಯ ಸನ್ಯಾಸಿನಿ ತನಗೆ ಮರಿಯಮ್ಮನವರ ದರ್ಶನವಾಯಿತೆಂದು, ಕಂಡ ರೂಪದಲ್ಲೇ ಪದಕ ಮಾಡಿಸಬೇಕೆಂದು ತನ್ನ ಪಾಪನಿವೇದನೆಯ ಗುರುಗಳಿಗೆ ಹೇಳಿಕೊಂಡರು. ಎರಡು ವರ್ಷದ ನಂತರ, 1832ರಲ್ಲಿ, ಪದಕ ಅಚ್ಚಾಯಿತು. ಆಗ ನಗರದಲ್ಲಿ ಕಾಲರಾ. ಸಿಸ್ಟರುಗಳು ರೋಗಿಗಳ ಕೈಗೆ ಅದನ್ನು ಹಂಚುತ್ತಾ ನಡೆದರು. ಅದರ ಹಿಂಬದಿಯಲ್ಲಿ ಒಂದು ಶಿಲುಬೆ, ಎಂ ಅಕ್ಷರ, ಎರಡು ಹೃದಯ, ಸುತ್ತ ಹನ್ನೆರಡು ನಕ್ಷತ್ರ, ಅಷ್ಟೇ. ದರ್ಶನ ಕಂಡಾಕೆಯ ಹೆಸರು ಎಲ್ಲಿಯೂ ಇಲ್ಲ. ಆಕೆ ವೃದ್ಧರ ಆಶ್ರಮವೊಂದರಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಸೇವೆ ಮಾಡುತ್ತಾ, ತಾನು ಯಾರೆಂದು ಹೇಳದೆಯೇ ಉಳಿದರು. ನಿಮ್ಮ ಸಿಸ್ಟರ್ ಕೂಡ ಆ ಬಗೆಯವರೇ ಎಂದು ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿತು.

ಇನ್ನು ಬೆಳ್ಳಿ. ಇಲ್ಲಿ ನಿಮ್ಮ ಜೊತೆ ಸ್ವಲ್ಪ ಜಗಳವಾಡುತ್ತೇನೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ತೊಟ್ಟವರಿಗೆ ಸ್ವಂತದ್ದೆಂಬುದು ಇರುವುದಿಲ್ಲ. ಶಾಲೆಯಲ್ಲಿ ದುಡಿದ ಸಂಬಳವೂ ಮಠದ ಸಮುದಾಯಕ್ಕೆ ಸೇರುತ್ತದೆ. ಎಂಟನೆಯ ತರಗತಿಯಲ್ಲಿ ನನಗೆ ಬೀಜಗಣಿತದ ಭಯ ಬಿಡಿಸಿದ ಸಿಸ್ಟರ್ ಒಂದು ಮೇ ತಿಂಗಳಲ್ಲಿ ವರ್ಗವಾಗಿ ಹೊರಟಾಗ ಬಸ್ಸಿನವರೆಗೆ ಟ್ರಂಕು ಹೊತ್ತವನು ನಾನು. ಹದಿನಾಲ್ಕರ ಹುಡುಗ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರವಾಗಿತ್ತು. ವರ್ಷಗಟ್ಟಲೆ ನಾವು ಹಬ್ಬಕ್ಕೆ ಕೊಟ್ಟ ಪೆನ್ನು, ಗೋಡೆಚಿತ್ರ, ಕೈಗಡಿಯಾರ ಯಾವುದೂ ಅದರಲ್ಲಿ ಇರಲಿಲ್ಲ. ಯಾರು ಯಾರಿಗೋ ಹೋಗಿದ್ದವು. ನಿಮ್ಮ ಬೆಳ್ಳಿಯ ಪದಕವೂ ಮಠದ ಮುಖ್ಯಸ್ಥೆಯಾದ ಮದರ್ ಸುಪೀರಿಯರ್ ಕೈಗೆ ಹೋಗಿ ಕಪಾಟು ಸೇರುತ್ತದೆ. ಅದು ನಿಮ್ಮ ಪ್ರೀತಿಗೆ ಆಗುವ ಅವಮಾನವಲ್ಲ, ಅವರು ವ್ರತ ಪಾಲಿಸುವ ರೀತಿ.

ಅದೇ ಹಣದಲ್ಲಿ ಸಣ್ಣ ಅಲ್ಯೂಮಿನಿಯಂ ಪದಕಗಳನ್ನು ಮಾಡಿಸಿ, ನೂರೋ ಇನ್ನೂರೋ. ಸಿಸ್ಟರ್ ತಾವೇ ಮಕ್ಕಳಿಗೆ ಹಂಚಲಿ. ಮದರ್ ತೆರೇಸಾ ತಮ್ಮನ್ನು ನೋಡಲು ಬಂದವರ ಅಂಗೈಗೆ ಇಡುತ್ತಿದ್ದುದು ಇದೇ ಮಿರಾಕ್ಯುಲಸ್ ಮೆಡಲನ್ನು. ಆಕೆಯೂ ಮೊದಲು ಟೀಚರ್ ಎಂಬುದನ್ನು ನಾವು ಮರೆಯುತ್ತೇವೆ. ಲೊರೆಟೊ ಎಂಬ ಸನ್ಯಾಸಿನಿಯರ ಸಂಸ್ಥೆಯ ಸಿಸ್ಟರ್ ಆಗಿ ಕಲ್ಕತ್ತೆಯ ಎಂಟಾಲಿಯ ಶಾಲೆಯಲ್ಲಿ ಭೂಗೋಳ, ಇತಿಹಾಸ ಕಲಿಸಿದರು, 1944ರಲ್ಲಿ ಮುಖ್ಯೋಪಾಧ್ಯಾಯಿನಿಯಾದರು, 1948ರಲ್ಲಿ ಶಾಲೆಯ ಗೋಡೆ ದಾಟಿ ಬೀದಿಗೆ ಬಂದರು. 2016ರಲ್ಲಿ ಸಂತರೆಂದು ಘೋಷಿತರಾದರು. ಪಾಠ ಹೇಳುವ ಸಿಸ್ಟರ್‌ಗೆ ಒಪ್ಪುವ ಮುಖ ಬೇಕೆಂದರೆ ಆಕೆಯದು ಇದೆ. ಎಲಿಜಬೆತ್ ಸೀಟನ್, ಏಂಜೆಲಾ ಮೆರಿಚಿ ಕೂಡ ಹೆಣ್ಣುಮಕ್ಕಳ ಕಲಿಕೆಗೆ ಬದುಕು ಕೊಟ್ಟ ಸಂತರೇ. ಆದರೆ ಅಂಗಡಿಯ ಪಟ್ಟಿ ನೋಡುವ ಮೊದಲು ಸಿಸ್ಟರ್ ಅವರ ಹೆಸರಿನ ಸಂತರು ಯಾರೆಂದು ಕೇಳಿಕೊಳ್ಳಿ. ವ್ರತದ ಹೊತ್ತಿಗೆ ಹೊಸ ಹೆಸರು ಪಡೆದವರಾಗಿದ್ದರೆ, ಅರ್ಧ ಶತಮಾನ ಆ ಸಂತರ ಹಬ್ಬವನ್ನೇ ತಮ್ಮ ಹಬ್ಬವೆಂದು ಆಚರಿಸಿದ್ದಾರೆ. ನನ್ನ ಮಟ್ಟಿಗೆ ಮೊದಲ ಹಕ್ಕು ಆ ಸಂತರದು.

ಮಾಡಿಸುವಾಗ ಕೆಲವು ಎಚ್ಚರ ಬೇಕು. ಬರಿಯ ಲೇಪ ಕೊಟ್ಟ ಅಗ್ಗದ ಲೋಹ ನಮ್ಮ ಉಪ್ಪುಗಾಳಿಗೆ ತಡೆಯುವುದಿಲ್ಲ, ತೆಗೆದುಕೊಳ್ಳಬೇಡಿ. ಹಿಂಬದಿಗೆ ಉದ್ದದ ಸಾಲು ಬೇಡ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಕನ್ನಡದ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಕಲೆಯಂತೆ ಕಾಣುತ್ತವೆ. ‘ಗಣಿತ’ ಎಂಬ ಮೂರಕ್ಷರ ಸಾಕು, ಅದರಲ್ಲಿ ಒತ್ತೂ ಇಲ್ಲ; ಅವರ ಕೈಕೆಳಗೆ ಕಲಿತ ಯಾರಿಗಾದರೂ ಅರ್ಥವಾಗುತ್ತದೆ. ಪೂರ್ತಿ ಮಾಡಿಸುವ ಮೊದಲು ಒಂದೇ ಒಂದು ಮಾದರಿ ತರಿಸಿ, ಕನ್ನಡಕವಿಲ್ಲದೆ ಓದಿ ನೋಡಿ.

ಪದಕಗಳನ್ನು ಕೊಂಡ ಮೇಲೆಯೇ ಫಾದರ್ ಬಳಿ ಮಂತ್ರಿಸಿಕೊಳ್ಳಿ, ಏಕೆಂದರೆ ಆಶೀರ್ವಾದ ಪಡೆದ ವಸ್ತುವನ್ನು ಮಾರುವಂತಿಲ್ಲ. ಮೊದಲ ಪದಕವನ್ನು ಸಿಸ್ಟರ್ ನಿಮ್ಮ ಕೈಗೇ ಇಟ್ಟರೆ ಬೇಡವೆನ್ನಬೇಡಿ.

ಸಂಪಾದಕ