ಕುದಿಸಿದರೆ ಕೀಟನಾಶಕ ಹೋಗುತ್ತದೆಯೇ?

ಪ್ರಶ್ನೆ: ಗ್ರಂಥಿಗೆ ಅಂಗಡಿಯಿಂದ ಒಣ ಅಮೃತಬಳ್ಳಿ, ತುಳಸಿ ತಂದು ದಿನವೂ ಕಷಾಯ ಮಾಡಿ ಕುಡಿಯುತ್ತೇನೆ. ನಮ್ಮ ಮನೆಯವರು ಹಾಲಿಗೆ ಅಶ್ವಗಂಧದ ಚೂರ್ಣ ಹಾಕಿಕೊಳ್ಳುತ್ತಾರೆ. ಗಿಡಕ್ಕೆ ಹೊಡೆದ ಕೀಟನಾಶಕವೆಲ್ಲ ಒಣಗಿಸಿ, ಕುದಿಸುವಷ್ಟರಲ್ಲಿ ಹೋಗಿಬಿಡುತ್ತದೆ ಅಲ್ವಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ನಮ್ಮ ಹಳ್ಳಿಗಳಲ್ಲಿ ಕೀಟನಾಶಕಕ್ಕೂ ‘ಔಷಧಿ’ ಎಂದೇ ಹೇಳುತ್ತಾರೆ. ಹಾಗಾಗಿ ನೀವು ಕೇಳಿರುವುದು ಔಷಧಿಯೊಳಗಿನ ಔಷಧಿಯ ವಿಷಯ! ಸ್ವಲ್ಪ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಷ್ಟೋ ಸಲ ಅದು ಜಾಗ ಬದಲಿಸುತ್ತದೆ, ಅಷ್ಟೇ.

ಮೊದಲು ಒಣಗಿಸುವ ಮಾತು. ಬಿಸಿಲಿಗೆ ಕೆಲವು ರಾಸಾಯನಿಕಗಳು ಒಡೆದು ಹೋಗುತ್ತವೆ, ನಿಜ. ಆದರೆ ಗಿಡದ ನೀರೂ ಹೋಗುತ್ತದಲ್ಲ! ಹಸಿಮೆಣಸಿನಕಾಯಿ ಒಣಗಿದಾಗ ಅದರಲ್ಲಿ ಉಳಿದ ಕೀಟನಾಶಕ 7ರಿಂದ 10 ಪಟ್ಟು ಗಟ್ಟಿಯಾಗಬಹುದು ಎಂದು ಅಂತರರಾಷ್ಟ್ರೀಯ ಆಹಾರ ತಜ್ಞರು ಲೆಕ್ಕ ಹಿಡಿಯುತ್ತಾರೆ. ಹಸಿಯದರಲ್ಲಿ ಕಿಲೋಗೆ ಅರ್ಧ ಮಿಲಿಗ್ರಾಂ ಇದ್ದರೆ ಒಣಗಿದ್ದರಲ್ಲಿ ಕಿಲೋಗೆ ಮೂರೂವರೆಯಿಂದ ಐದು ಮಿಲಿಗ್ರಾಂ. ಹಾಗಂತ ಗಾಬರಿ ಬೇಡ, ಒಣಮೆಣಸಿನಕಾಯಿಯನ್ನು ಯಾರೂ ಪಲ್ಯದ ಹಾಗೆ ತಿನ್ನುವುದಿಲ್ಲವಲ್ಲ.

ಇನ್ನು ಕಷಾಯ. ಇಮಿಡಾಕ್ಲೋಪ್ರಿಡ್, ಡೈಮಿಥೋಯೇಟ್‌ನಂಥ ಕೀಟನಾಶಕಗಳು ನೀರಿನಲ್ಲಿ ಕರಗುತ್ತವೆ. ಇವು ಎಲೆ ಬಿಟ್ಟು ನಿಮ್ಮ ಲೋಟಕ್ಕೆ ಬರುತ್ತವೆ. ಸೈಪರ್‌ಮೆಥ್ರಿನ್‌ನಂಥವು ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ, ಎಲೆಯಲ್ಲೇ ಕಚ್ಚಿಕೊಂಡಿರುತ್ತವೆ. ನೀವು ಸೋಸಿ ಚೆಲ್ಲುವ ಚರಟದ ಜೊತೆ ಅವೂ ಹೋಗುತ್ತವೆ. ತೈಲ, ಘೃತದಲ್ಲಿ ಇದೇ ಉಲ್ಟಾ: ಜಿಡ್ಡಿನಲ್ಲಿ ಕರಗುವ ವಿಷ ಎಣ್ಣೆ, ತುಪ್ಪಕ್ಕೆ ಇಳಿದು ಅಲ್ಲೇ ಉಳಿಯುತ್ತದೆ.

ಹಾಗೆ ನೋಡಿದರೆ ನನಗೆ ಜಾಸ್ತಿ ಯೋಚನೆ ನಿಮ್ಮ ಮನೆಯವರ ಚೂರ್ಣದ ಬಗ್ಗೆ. ಅದರಲ್ಲಿ ಸೋಸುವುದೂ ಇಲ್ಲ, ಚೆಲ್ಲುವುದೂ ಇಲ್ಲ. ಏನಿದೆಯೋ ಅಷ್ಟೂ ಹೊಟ್ಟೆಗೆ. ಅದೂ ಬೇರಿನ ಪುಡಿ. ಬಿಎಚ್‌ಸಿ ಎಂಬ ಹಳೆಯ ಕೀಟನಾಶಕ ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧವಾಯಿತು. ಡಿಡಿಟಿಯನ್ನು ಹೊಲಕ್ಕೆ ಹಾಕುವುದು ಅದಕ್ಕೂ ಮೊದಲೇ ನಿಂತಿತ್ತು. ಆದರೂ ಇವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಜಾತಿ, ಅಲ್ಲಿಂದ ಬೇರಿಗೂ ಸೇರಬಹುದು. ಪುಡಿ ಕೊಳ್ಳುವಾಗ ಆ ಬ್ಯಾಚಿನ ಕೀಟನಾಶಕ ಪರೀಕ್ಷೆಯ ವರದಿ ಇದೆಯಾ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ವೈದ್ಯರು ಬರೆದುಕೊಟ್ಟ ಔಷಧಿಯಾದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.

ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ. ಕುದಿಸುವ ಮೊದಲು ತೊಳೆಯಿರಿ, ಆಮೇಲಲ್ಲ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಎಲೆಯ ಮೇಲೇ ಕೂತಿರುತ್ತದೆ, ತೊಳೆದರೆ ಸಾಕಷ್ಟು ಹೋಗುತ್ತದೆ. ತೊಳೆಯದೆ ಕುದಿಸಿದರೆ ಅದರಿಂದ ಎಥಿಲೀನ್ ಥಯೋಯೂರಿಯಾ ಎಂಬ ಇನ್ನೊಂದು ಕೆಟ್ಟ ವಸ್ತು ಹುಟ್ಟುತ್ತದೆ. ಒಣಗಿದ್ದನ್ನು ಜರಡಿಯಲ್ಲಿಟ್ಟು ಹರಿಯುವ ನೀರಿನಲ್ಲಿ ಬೇಗ ತೊಳೆದುಬಿಡಿ. ನೆನೆಹಾಕಬೇಡಿ, ಗುಣವೂ ನೀರಿಗೆ ಹೋಗುತ್ತದೆ. ಸೋಪು ಬೇಡವೇ ಬೇಡ. ಗಿಡದ ಒಳಗೇ ಸೇರಿದ್ದನ್ನು ಮಾತ್ರ ಯಾವ ತೊಳೆತವೂ ತೆಗೆಯದು.

ಅದಕ್ಕೇ ಹೇಳುವುದು, ತುಳಸಿಯನ್ನೂ ಅಂಗಡಿಯಿಂದ ತರಬೇಕಾ? ಅಮೃತಬಳ್ಳಿಯೂ ಅಷ್ಟೇ. ಒಂದು ಗೇಣು ಕಡ್ಡಿ ತಂದು ಬೇಲಿ ಪಕ್ಕ ಊರಿದರೆ ಚಿಗುರುತ್ತದೆ.