ವರದಿಯ ಕೊನೆಯ ಸಾಲು

(ತಿಪಟೂರು ಕಡೆಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರಾಂಶ ಇದು: ಅವರ ತಾಯಿಗೆ 54 ವರ್ಷ. ಹಿಂಡಿಯ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಊರಿನ ವೈದ್ಯರು ಮಾತ್ರೆ ಕೊಟ್ಟು, ಮಲಗಿಯೇ ಇರಬೇಡಿ, ಓಡಾಡಿಕೊಂಡಿರಿ, ಸ್ಕ್ಯಾನಿಂಗ್ ಸದ್ಯಕ್ಕೆ ಬೇಡ ಎಂದರು. ಮೂರು ವಾರವಾದರೂ ನೋವು ಪೂರ್ತಿ ಹೋಗದ್ದರಿಂದ ನೆಂಟರ ಒತ್ತಾಯಕ್ಕೆ ತುಮಕೂರಿನಲ್ಲಿ ಎಂಆರ್‌ಐ ಮಾಡಿಸಿದರು. ವರದಿಯಲ್ಲಿ ಡಿಸ್ಕ್ ಸವೆದಿದೆ, ಉಬ್ಬಿದೆ ಎಂದು ಬಂತು. ಅಂದಿನಿಂದ ತಾಯಿ ಹಾಸಿಗೆ ಬಿಟ್ಟು ಏಳುತ್ತಿಲ್ಲ. "ಇಷ್ಟು ದೊಡ್ಡ ಕಾಯಿಲೆಯನ್ನು ಬರೀ ಸುತ್ತಿಗೆಯಲ್ಲಿ ತಟ್ಟಿ ಕಳಿಸಿದ ವೈದ್ಯರನ್ನು ನಂಬುವುದು ಹೇಗೆ? ಎಲ್ಲಕ್ಕಿಂತ ದೊಡ್ಡ ಸ್ಕ್ಯಾನ್ ಯಾವುದು? ಮನೆಯವರೆಲ್ಲ ವರ್ಷಕ್ಕೊಮ್ಮೆ ತಲೆಯಿಂದ ಕಾಲಿನವರೆಗೆ ಸ್ಕ್ಯಾನ್ ಮಾಡಿಸಿಕೊಂಡುಬಿಟ್ಟರೆ ಒಳ್ಳೆಯದಲ್ಲವೇ?" ಎಂಬುದು ಅವರ ಪ್ರಶ್ನೆ.)

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ತಾಯಿ ಹಾಸಿಗೆ ಹಿಡಿದರೆ ಮನೆಯೇ ಹಾಸಿಗೆ ಹಿಡಿದಂತೆ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ವೈದ್ಯನಲ್ಲ. ಬಹಳ ವರ್ಷಗಳಿಂದ ಸ್ಕ್ಯಾನ್ ಓದುವ ಕೆಲಸದಲ್ಲಿರುವ ರೇಡಿಯಾಲಜಿಸ್ಟ್ ಸ್ನೇಹಿತರೊಬ್ಬರ ಜೊತೆ ಕುಳಿತು, ನೀವು ಕಳಿಸಿದ ವರದಿಯ ಪ್ರತಿಯನ್ನು ಮುಂದಿಟ್ಟುಕೊಂಡು ಮಾತನಾಡಿದ ಮೇಲೆ ಈ ಉತ್ತರ ಬರೆಯುತ್ತಿದ್ದೇನೆ.

ಮೊದಲು ಊರಿನ ವೈದ್ಯರ ವಿಷಯ. ಅವರು ಏನೂ ಪರೀಕ್ಷೆ ಮಾಡಲಿಲ್ಲ ಎಂದು ದೂರಿದ್ದೀರಿ. ಆದರೆ ಅವರು ಮಾಡಿದ ಪರೀಕ್ಷೆಯೆಲ್ಲ ನಿಮ್ಮ ಪತ್ರದಲ್ಲೇ ಇದೆ. ಅಮ್ಮನನ್ನು ಅಂಗಾತ ಮಲಗಿಸಿ ಮಂಡಿ ಮಡಿಸದೆ ಒಂದೊಂದೇ ಕಾಲನ್ನು ಮೇಲೆತ್ತಿದರು ಎಂದು ಬರೆದಿದ್ದೀರಿ. ಹಾಗೆ ಎತ್ತಿದಾಗ ಮಂಡಿಯ ಕೆಳಗಿನವರೆಗೂ ಮಿಂಚು ಹರಿದಂತೆ ನೋವು ಇಳಿದರೆ ಸೊಂಟದಿಂದ ಕಾಲಿಗೆ ಹೋಗುವ ನರದ ಬೇರು ಒತ್ತಿಹೋಗಿರಬಹುದು. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು. ಹಿಮ್ಮಡಿಯ ಮೇಲಿನ ನಡಿಗೆಗೆ ಒಂದು ನರ ಗಟ್ಟಿಯಿರಬೇಕು, ತುದಿಗಾಲಿನ ನಡಿಗೆಗೆ ಅದರ ಕೆಳಗಿನ ನರ. ಮಂಡಿಯ ಕೆಳಗೆ ಸುತ್ತಿಗೆ ತಟ್ಟಿದಾಗ ಕಾಲು ಚಿಮ್ಮಿದರೆ ಇನ್ನೂ ಮೇಲಿನ ನರದ ಸಮಾಚಾರ ತಿಳಿಯುತ್ತದೆ. "ಮೂತ್ರ ಹಿಡಿತದಲ್ಲಿದೆಯೇ, ಕೂರುವ ಜಾಗದಲ್ಲಿ ಮುಟ್ಟಿದರೆ ಗೊತ್ತಾಗುತ್ತದೆಯೇ ಎಂದು ಬೆನ್ನುನೋವಿಗೆ ಸಂಬಂಧವಿಲ್ಲದ ಪ್ರಶ್ನೆ ಕೇಳಿ ಅಮ್ಮನಿಗೆ ಮುಜುಗರ ಮಾಡಿದರು" ಎಂದಿದ್ದೀರಿ. ಆ ದಿನ ಕೇಳಿದ ಪ್ರಶ್ನೆಗಳಲ್ಲಿ ಬಹಳ ಮುಖ್ಯವಾದದ್ದೇ ಅದು. ಆ ಎರಡರಲ್ಲಿ ಒಂದು ಕೆಟ್ಟಿದ್ದರೂ ಅವರು ನಿಮ್ಮನ್ನು ಅದೇ ದಿನ ಎಂಆರ್‌ಐಗೆ ಓಡಿಸುತ್ತಿದ್ದರು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಬಂದದ್ದು, ಬಿದ್ದು ಪೆಟ್ಟಾದದ್ದು, ಕಾಲಿನ ಶಕ್ತಿ ಕುಂದುವುದು, ಇವುಗಳಲ್ಲಿ ಯಾವುದಿದ್ದರೂ ಸ್ಕ್ಯಾನ್ ತಡಮಾಡಬಾರದು. ನಿಮ್ಮ ತಾಯಿಗೆ ಯಾವುದೂ ಇರಲಿಲ್ಲ. ಭಾರ ಎತ್ತಿ ಹಿಡಿದುಕೊಂಡ ಸೊಂಟ ಹೆಚ್ಚಿನವರಲ್ಲಿ ಆರು ವಾರದ ಆಸುಪಾಸಿನಲ್ಲಿ ಸಡಿಲವಾಗುತ್ತದೆ. ಹತ್ತು ನಿಮಿಷದಲ್ಲಿ ಇಷ್ಟನ್ನೂ ನೋಡಿ, "ಈಗ ಬೇಡ" ಎಂದು ಹೇಳುವ ಧೈರ್ಯವಿರುವ ವೈದ್ಯರು ನಿಮ್ಮ ಊರಿನಲ್ಲಿರುವುದು ನಿಮ್ಮ ಪುಣ್ಯ.

ಈಗ ವರದಿ. "ಡಿಸ್ಕ್ ಡೆಸಿಕೇಶನ್", "ಡಿಫ್ಯೂಸ್ ಡಿಸ್ಕ್ ಬಲ್ಜ್", "ಡೀಜನರೇಟಿವ್ ಚೇಂಜಸ್" ಎಂಬ ಪದಗಳ ಕೆಳಗೆ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. ಅವುಗಳನ್ನು ಕನ್ನಡಕ್ಕೆ ತಂದರೆ ಬೆನ್ನುಮೂಳೆಯ ನಡುವಿನ ಮೆತ್ತೆಯಲ್ಲಿ ನೀರಿನಂಶ ಕಡಿಮೆಯಾಗಿದೆ, ಮೆತ್ತೆ ಸುತ್ತಲೂ ಸ್ವಲ್ಪ ಉಬ್ಬಿದೆ, ವಯಸ್ಸಿಗೆ ತಕ್ಕ ಸವೆತ ಇದೆ ಎಂದರ್ಥ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನೋವಿಲ್ಲದ ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕ್ ಸವೆತ, 30 ಮಂದಿಗೆ ಉಬ್ಬು ಇತ್ತು. ಐವತ್ತು ವಯಸ್ಸಿನವರಲ್ಲಿ ಸವೆತ ನೂರಕ್ಕೆ 80, ಉಬ್ಬು ನೂರಕ್ಕೆ 60. ಇವರೆಲ್ಲ ಸೊಂಟ ನೋವೆಂದರೇನೆಂದು ತಿಳಿಯದೆ ಓಡಾಡಿಕೊಂಡಿದ್ದವರು! ತಲೆಕೂದಲು ನರೆಯುವಂತೆ ಡಿಸ್ಕೂ ಒಣಗುತ್ತದೆ. ಐವತ್ತನಾಲ್ಕು ವರ್ಷ ದುಡಿದ ಬೆನ್ನಿನ ಎಂಆರ್‌ಐಯಲ್ಲಿ ಇದು ಕಾಣದೆ ಹೋಗಿದ್ದರೆ ಆಶ್ಚರ್ಯಪಡಬೇಕಿತ್ತು. ನಿಮ್ಮ ತಾಯಿಯ ಡಿಸ್ಕ್ ಮೂಟೆ ಎತ್ತುವ ಹಿಂದಿನ ದಿನವೂ ಬಹುಪಾಲು ಹೀಗೇ ಇದ್ದಿರಬೇಕು. ಆಗ ಅವರು ಹಸು ಕರೆಯುತ್ತಿದ್ದರು.

ಕೆಂಪು ಗೆರೆ ಎಳೆದವರು ಒಂದು ಸಾಲನ್ನು ಬಿಟ್ಟುಬಿಟ್ಟಿದ್ದಾರೆ. ಸಹಿಯ ಮೇಲೆ, ಸಣ್ಣ ಅಕ್ಷರದಲ್ಲಿ, "ಕ್ಲಿನಿಕಲ್ ಕೊರಿಲೇಶನ್" ಎಂದಿದೆ ನೋಡಿ. ಚಿತ್ರದಲ್ಲಿ ಕಂಡದ್ದನ್ನು ರೋಗಿಯ ದೇಹದಲ್ಲಿ ಕಂಡದ್ದರೊಡನೆ ಹೊಂದಿಸಿ ನೋಡಿ ಎಂದು ಅದರ ಅರ್ಥ. ಅದನ್ನು ಬರೆದ ವೈದ್ಯರು ನಿಮ್ಮ ತಾಯಿಯ ಮುಖವನ್ನೂ ಕಂಡಿರಲಿಕ್ಕಿಲ್ಲ, ಕಾಲೆತ್ತಿಸಿ ನೋಡಿದವರೂ ಅಲ್ಲ. ಅವರು ಕಂಡದ್ದನ್ನೆಲ್ಲ ಬರೆಯಬೇಕು, ಅದು ಅವರ ಕೆಲಸ. ಅದರಲ್ಲಿ ಯಾವುದು ನೋವಿಗೆ ಕಾರಣ, ಯಾವುದು ಸುಮ್ಮನೆ ಇದ್ದದ್ದು ಎಂದು ಹೇಳಬೇಕಾದವರು ಸುತ್ತಿಗೆ ಹಿಡಿದ ಆ ವೈದ್ಯರೇ. ನೀವು ವರದಿಯನ್ನು ಅವರಿಗೆ ತೋರಿಸಲೇ ಇಲ್ಲ, ವಾಟ್ಸ್‌ಆ್ಯಪ್‌ನಲ್ಲಿ ನೆಂಟರಿಗೆ ಕಳಿಸಿದಿರಿ. ಮನಸ್ಸಿಗೆ ಬೇಸರವಾದರೂ ಇದನ್ನು ಹೇಳಲೇಬೇಕು.

"ಎಲ್ಲಕ್ಕಿಂತ ದೊಡ್ಡ ಸ್ಕ್ಯಾನ್" ಎಂಬುದು ಇಲ್ಲ. ಒಂದೊಂದು ಯಂತ್ರ ಒಂದೊಂದನ್ನು ಕಾಣುತ್ತದೆ. ನಿಮ್ಮ ಸೀಮೆಯಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಉಂಡೆ ಕೊಬ್ಬರಿ ಆಯಿತೋ ಇಲ್ಲವೋ ಎಂದು ಹೇಳುವವರಿದ್ದಾರಲ್ಲ, ಅಲ್ಟ್ರಾಸೌಂಡ್ ಆ ಕಿವಿಗೆ ಹತ್ತಿರದ ನೆಂಟ. ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಒಳಗೆ ಕಳಿಸಿ ಮರುದನಿಯಿಂದ ಚಿತ್ರ ಬರೆಯುತ್ತದೆ. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ವೈದ್ಯರು, ಕಾರ್ಖಾನೆಗಳಲ್ಲಿ ಲೋಹದ ಬಿರುಕು ಹುಡುಕುತ್ತಿದ್ದ ಉಪಕರಣವನ್ನು ಹೊಟ್ಟೆಯ ಮೇಲಿಟ್ಟು 1958ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. ಗರ್ಭ, ಪಿತ್ತಕೋಶ, ಮೂತ್ರಪಿಂಡಗಳಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಮೂಳೆಯ ಹಿಂದಿರುವುದು, ಗಾಳಿ ತುಂಬಿದ ಶ್ವಾಸಕೋಶದ ಒಳಗಿನದು ಇದಕ್ಕೆ ಕಾಣದು.

ಎಕ್ಸ್‌ರೇ ಎಂದರೆ ನೆರಳು. 1895ರ ನವೆಂಬರ್‌ನಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ರಾಂಟ್ಜನ್ ಈ ಕಿರಣವನ್ನು ಕಂಡರು, ಮರುತಿಂಗಳು ಹೆಂಡತಿಯ ಕೈಯ ಚಿತ್ರ ತೆಗೆದರು. ಮೂಳೆಗಳೂ ಉಂಗುರವೂ ಕಂಡವು. ಮುರಿದ ಮೂಳೆಗೆ ಇವತ್ತಿಗೂ ಇದಕ್ಕಿಂತ ಸುಲಭದ, ಅಗ್ಗದ ಸಾಕ್ಷಿ ಇಲ್ಲ. ಆದರೆ ನೆರಳಿನಲ್ಲಿ ಹಿಂದಿನದೂ ಮುಂದಿನದೂ ಒಂದರ ಮೇಲೊಂದು ಬೀಳುತ್ತದೆ. ಹಲಸಿನ ಹಣ್ಣನ್ನು ಕೊಯ್ಯದೆ ತೊಳೆ ಎಣಿಸಬೇಕೆಂದರೆ ಒಂದು ನೆರಳು ಸಾಲದು. ಸುತ್ತಲೂ ತಿರುಗಿ ನೂರಾರು ನೆರಳು ಹಿಡಿದು, ಒಳಗೆ ಎಲ್ಲಿ ಏನಿದ್ದರೆ ಈ ನೆರಳುಗಳು ಬೀಳಲು ಸಾಧ್ಯ ಎಂದು ಲೆಕ್ಕ ಹಾಕಬೇಕು. ಸಿಟಿ ಸ್ಕ್ಯಾನ್ ಮಾಡುವುದು ಅದನ್ನೇ. ನಮ್ಮ ಹಿರಿಯರ ಮನೆಗಳಲ್ಲಿ ನಾಯಿಯ ಚಿತ್ರವಿದ್ದ ಎಚ್‌ಎಂವಿ ಗ್ರಾಮಫೋನ್ ತಟ್ಟೆಗಳಿರುತ್ತಿದ್ದವಲ್ಲ, ಅವನ್ನು ಹೊರತಂದ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಸಲ ಒಬ್ಬ ಮಹಿಳೆಯ ಮೆದುಳನ್ನು ಹಾಗೆ ನೋಡಿತು.

ಅದೇ 1971ರಲ್ಲಿ ಭಾರತೀಯ ವಿಜ್ಞಾನಿಗಳಾದ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಒಂದು ಪ್ರಬಂಧ ಪ್ರಕಟಿಸಿದರು. ನೆರಳುಗಳಿಂದ ಒಳಚಿತ್ರ ಕಟ್ಟುವ ಲೆಕ್ಕವನ್ನು ಬಹಳ ಬೇಗ, ಬಹಳ ಸುಲಭವಾಗಿ ಮಾಡುವ ದಾರಿ ಅದರಲ್ಲಿತ್ತು. ರಾಮಚಂದ್ರನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿ ಬೆಳೆದು, ಮುಂದೆ ಅಲ್ಲೇ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕವನ್ನು ಕಟ್ಟಿದವರು. ಹೌನ್ಸ್‌ಫೀಲ್ಡರ ಮೊದಲ ಯಂತ್ರ ಬೇರೆ ಬಗೆಯ ಲೆಕ್ಕ ಬಳಸಿತ್ತು. ಆಮೇಲೆ ಬಂದ ಯಂತ್ರಗಳು ಹಿಡಿದದ್ದು ಈ ಬಗೆಯ ದಾರಿಯನ್ನು. ಇಂದಿಗೂ ಸಿಟಿ ಕುರಿತ ಪಠ್ಯಪುಸ್ತಕಗಳಲ್ಲಿ ಇಬ್ಬರ ಹೆಸರನ್ನೂ ಕೂಡಿಸಿ "ರಾಮ್-ಲಕ್" ಎಂದೇ ಕರೆಯುತ್ತಾರೆ. ನಮ್ಮ ಶಾಲೆಯ ಮಕ್ಕಳಿಗೆ ಇದು ಏಕೆ ಗೊತ್ತಿಲ್ಲ ಎಂದು ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಇನ್ನು ಎಂಆರ್‌ಐ. ಅದರಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ, ಇರುವುದು ಅಯಸ್ಕಾಂತ ಮತ್ತು ರೇಡಿಯೊ ತರಂಗ. ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳನ್ನು ಅದು ಮಾತನಾಡಿಸುತ್ತದೆ. ಹಾಗಾಗಿಯೇ ಮೆದುಳು, ನರ, ಡಿಸ್ಕ್, ಕೀಲಿನ ಒಳಗಿನ ಮೆದುಭಾಗಗಳು ಅದಕ್ಕೆ ಅಷ್ಟು ಚೆನ್ನಾಗಿ ಕಾಣುತ್ತವೆ. ತಾಳಿ ಬಿಚ್ಚಿಸಿದ್ದರಿಂದ ಅಮ್ಮ ಅತ್ತರು ಎಂದು ಬರೆದಿದ್ದೀರಿ. ಅಲ್ಲಿದ್ದವರು ಕಾರಣ ಹೇಳಿ ಬಿಚ್ಚಿಸಬೇಕಿತ್ತು, ಹೇಳಲಿಲ್ಲ, ಅದು ತಪ್ಪು. ಕಾರಣವನ್ನು ನಾನು ಹೇಳುತ್ತೇನೆ. ಸಾಮಾನ್ಯ ಎಂಆರ್‌ಐ ಯಂತ್ರವೊಂದರ ಕಾಂತಬಲ 1.5 ಟೆಸ್ಲಾ, ಭೂಮಿಯ ಕಾಂತಬಲದ ಸುಮಾರು 30 ಸಾವಿರ ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ ಆ ಅಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬಯಿಯಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ನಮ್ಮ ಹೆಂಗಸರ ತಾಳಿಸರದಲ್ಲಿ ಸದಾ ಒಂದೆರಡು ಪಿನ್ನು ಸಿಕ್ಕಿಸಿರುತ್ತವೆ. ಚಿನ್ನವನ್ನು ಅಯಸ್ಕಾಂತ ಎಳೆಯದು, ಆ ಉಕ್ಕಿನ ಪಿನ್ನನ್ನು ಎಳೆಯುತ್ತದೆ. ಲೋಹದ ಸರ ಬಿಸಿಯಾಗುವುದೂ ಉಂಟು. ಇದನ್ನು ಅಮ್ಮನಿಗೆ ದಯವಿಟ್ಟು ಓದಿ ಹೇಳಿ.

ಸ್ಕ್ಯಾನ್ ಬೇಡವೆಂದು ನಾನು ಹೇಳುತ್ತಿದ್ದೇನೆ ಎಂದು ಮಾತ್ರ ತಿಳಿಯಬೇಡಿ. ಹನ್ನೆರಡು ವರ್ಷದ ಹಿಂದೆ ಒಂದು ಸಂಜೆ ನಮ್ಮ ತಂದೆಯ ಬಲಗೈಯಿಂದ ಕಾಫಿ ಲೋಟ ಜಾರಿತು, ಮಾತು ತೊದಲಿತು. ಸುಸ್ತಾಗಿರಬೇಕು, ಮಲಗಲಿ, ಬೆಳಿಗ್ಗೆ ನೋಡೋಣ ಎಂದವನು ನಾನೇ. ಬೆಳಿಗ್ಗೆ ಸಿಟಿ ಮಾಡಿಸಿದಾಗ ರಕ್ತ ಹೆಪ್ಪುಗಟ್ಟಿ ನಾಳ ಕಟ್ಟಿದ್ದು ತಿಳಿಯಿತು, ಆದರೆ ಹೊತ್ತು ಮೀರಿತ್ತು. ಪಾರ್ಶ್ವವಾಯುವಿನಲ್ಲಿ ಮೆದುಳಿನ ನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ಹೊರಗಿನಿಂದ ನೋಡಿ ಖಚಿತವಾಗಿ ಹೇಳಲಾಗದು. ಕಟ್ಟಿದ್ದರೆ ಹೆಪ್ಪು ಕರಗಿಸುವ ಮದ್ದು ಕೊಡಬೇಕು, ಒಡೆದಿದ್ದರೆ ಅದೇ ಮದ್ದು ಪ್ರಾಣ ತೆಗೆಯುತ್ತದೆ. ಕೆಲವೇ ನಿಮಿಷದ ಸಿಟಿ ಅದನ್ನು ಬಗೆಹರಿಸುತ್ತದೆ, ಮದ್ದು ಕೊಡಲು ಇರುವ ಅವಧಿ ಲಕ್ಷಣ ಕಂಡ ಹೊತ್ತಿನಿಂದ ಸುಮಾರು ನಾಲ್ಕೂವರೆ ಗಂಟೆ. ಮುಖ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಮನೆಮದ್ದು ಮಾಡಬೇಡಿ. ಸಿಟಿ ಇರುವ ಆಸ್ಪತ್ರೆ ನಿಮ್ಮೂರಿಗೆ ಎಲ್ಲಿ ಹತ್ತಿರ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಚಿಕಿತ್ಸೆಯಲ್ಲೂ ಹಾಗೆಯೇ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕುವವರು ಎಕ್ಸ್‌ರೇ ಪರದೆ ನೋಡುತ್ತಲೇ ತಂತಿ ಸಾಗಿಸುತ್ತಾರೆ. ಕ್ಯಾನ್ಸರ್ ಗೆಡ್ಡೆಗೆ ವಿಕಿರಣ ಕೊಡುವ ಮೊದಲು ಕಿರಣ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂದು ಸಿಟಿ ಚಿತ್ರದ ಮೇಲೆ ಗೆರೆ ಹಾಕಿ ಗೊತ್ತುಮಾಡುತ್ತಾರೆ.

ಈ ಎಲ್ಲ ಕಡೆ ಸ್ಕ್ಯಾನ್‌ಗೆ ಮೊದಲು ಒಂದು ಪ್ರಶ್ನೆ ಇದೆ. ವರ್ಷಕ್ಕೊಮ್ಮೆ ತಲೆಯಿಂದ ಕಾಲಿನವರೆಗೆ ಎಂಬ ನಿಮ್ಮ ಯೋಚನೆಯಲ್ಲಿ ಪ್ರಶ್ನೆ ಇಲ್ಲ, ಭಯ ಮಾತ್ರ ಇದೆ. ದಕ್ಷಿಣ ಕೊರಿಯಾದಲ್ಲಿ ಏನಾಯಿತು ಕೇಳಿ. ಅಲ್ಲಿ ಆರೋಗ್ಯ ತಪಾಸಣೆಯ ಜೊತೆಗೆ ಸ್ವಲ್ಪ ಹೆಚ್ಚು ಹಣಕ್ಕೆ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡುವುದು ರೂಢಿಯಾಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದುದರ 15 ಪಟ್ಟಾಯಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಹುಡುಕಿದ್ದಕ್ಕೆ ಸಿಕ್ಕ, ಸುಮ್ಮನೆ ಬಿಟ್ಟಿದ್ದರೆ ಜೀವಮಾನವಿಡೀ ತೊಂದರೆ ಕೊಡದಿದ್ದ ಸಣ್ಣ ಗಂಟುಗಳೇ ಅವುಗಳಲ್ಲಿ ಹೆಚ್ಚು. ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಬದುಕಿಡೀ ಮಾತ್ರೆ ನುಂಗುವಂತಾಯಿತು, ಕೆಲವರ ದನಿಯೂ ಹೋಯಿತು. ಅಲ್ಲಿನ ವೈದ್ಯರೇ 2014ರಲ್ಲಿ ದನಿ ಎತ್ತಿದ ಮೇಲೆ ಶಸ್ತ್ರಚಿಕಿತ್ಸೆಗಳು ಇಳಿದವು.

ವಿಕಿರಣದ ಲೆಕ್ಕವೂ ಇದೆ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ವಿಕಿರಣ ಹೇಗೂ ತಗಲುತ್ತದೆ. ಎದೆಯ ಎಕ್ಸ್‌ರೇ ಒಂದಕ್ಕೆ 0.1 ಅಥವಾ ಅದಕ್ಕೂ ಕಡಿಮೆ, ಅದಕ್ಕೆ ಹೆದರುವುದು ಬೇಡ. ಹೊಟ್ಟೆಯ ಸಿಟಿಗೆ ಸುಮಾರು 8, ಅಂದರೆ ಮೂರು ವರ್ಷದ್ದು ಒಂದೇ ಸಲಕ್ಕೆ. ಬೇಕಾದಾಗ ಇದು ದೊಡ್ಡ ಬೆಲೆಯಲ್ಲ. ಬೇಡವಾದಾಗ, ಅದರಲ್ಲೂ ಮಕ್ಕಳಿಗೆ, ಏಕೆ ತೆರಬೇಕು? ಸ್ತನ ಕ್ಯಾನ್ಸರಿಗೆ ಮ್ಯಾಮೊಗ್ರಫಿಯಂತಹ ತಪಾಸಣೆಗಳ ಮಾತು ಬೇರೆ. ಯಾವ ವಯಸ್ಸಿನವರಿಗೆ, ಏನನ್ನು ಹುಡುಕಲು ಎಂಬುದು ಅಲ್ಲಿ ಮೊದಲೇ ಗೊತ್ತಿರುತ್ತದೆ. ಕೇಳಲೇಬಾರದ ಪ್ರಶ್ನೆಯೂ ಒಂದಿದೆ. ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲಿನ ಭ್ರೂಣಲಿಂಗ ಪತ್ತೆ ನಿಷೇಧದ ಫಲಕವನ್ನು ನೀವು ನೋಡಿಯೇ ಇರುತ್ತೀರಿ. ಆ ಪ್ರಶ್ನೆಯನ್ನು ಯಂತ್ರಕ್ಕೆ ಕೇಳಿ ಕೇಳಿ ಹೆಣ್ಣುಮಕ್ಕಳನ್ನು ಕಳೆದುಕೊಂಡ ಮೇಲೆ ನಮಗೆ 1994ರಲ್ಲಿ ಕಾನೂನು ಬೇಕಾಯಿತು.

ಈಗ ನೀವು ಮಾಡಬೇಕಾದ್ದು ಇಷ್ಟು. ವರದಿಯನ್ನೂ ಫಿಲಂಗಳನ್ನೂ ತೆಗೆದುಕೊಂಡು, ಅಮ್ಮನನ್ನು ಕರೆದುಕೊಂಡು, ಊರಿನ ಅದೇ ವೈದ್ಯರ ಬಳಿಗೆ ಹೋಗಿ. ಕೇಳದೆ ಮಾಡಿಸಿದ್ದಕ್ಕೆ ಅವರು ಗದರಿದರೆ ಗದರಲಿ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಅಮ್ಮನ ಸೊಂಟಕ್ಕೆ ಹೊಂದಿಸಿ ಹೇಳಿ" ಎಂದು ಕೇಳಿ. ಅಮ್ಮ ಎಷ್ಟು ದಿನ ಭಾರ ಎತ್ತಬಾರದು, ಯಾವ ವ್ಯಾಯಾಮ ಮಾಡಬೇಕು, ಏನು ಕಂಡರೆ ಓಡಿ ಬರಬೇಕು ಎಂಬುದನ್ನು ಅಮ್ಮನಿಗೇ ಹೇಳುವಂತೆ ಕೇಳಿಕೊಳ್ಳಿ, ನಿಮಗಲ್ಲ. ಅವರು ಮತ್ತೆ ಕೊಟ್ಟಿಗೆಗೆ ಹೋದ ದಿನ ನಮಗೊಂದು ಕಾರ್ಡು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ