ಮಕ್ಕಳ ವಿರುದ್ಧದ ಆನ್‌ಲೈನ್ ಅಪರಾಧಗಳಿಗೆ ಶಿಕ್ಷೆ ಹೆಚ್ಚಿಸಿದರೆ ಸರ್ಕಾರದ ಖರ್ಚು ಏಕೆ ಏರುತ್ತದೆ?

ಜೈಲಿನ ವೆಚ್ಚ ಏರುವುದು ನಿಜ. ಆದರೆ ಅದಕ್ಕೂ ಮೊದಲು ಹೊರೆ ಬೀಳುವುದು ತನಿಖೆ, ವಿಚಾರಣೆಗಳ ಮೇಲೆ. ಅಶ್ಲೀಲ ಚಿತ್ರಕ್ಕೆ ಮಗುವನ್ನು ಬಳಸಿದವರಿಗೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ಗರಿಷ್ಠ 5 ವರ್ಷ ಸಜೆಯಿತ್ತು. 2019ರ ತಿದ್ದುಪಡಿಯ ನಂತರ ಕನಿಷ್ಠವೇ 5 ವರ್ಷ. ತಪ್ಪೊಪ್ಪಿಕೊಂಡರೂ ಕಡಿಮೆಯಾಗದು ಎಂದ ಮೇಲೆ ಆರೋಪಿ ಕೊನೆಯವರೆಗೂ ವಾದಿಸುವ ಸಂಭವವೇ ಹೆಚ್ಚು. ಆಗ ಪ್ರತಿ ಸಾಕ್ಷ್ಯವನ್ನೂ ರುಜುವಾತುಪಡಿಸಬೇಕು. ಉದಾಹರಣೆಗೆ, ಭಟ್ಕಳದಲ್ಲಿ ಜಪ್ತಿಯಾದ ಮೊಬೈಲಿಗೆ ಮೊಹರು ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿಚಾರಣೆ ಕಾರವಾರದಲ್ಲಾದರೆ ಜಪ್ತಿಗೆ ಸಾಕ್ಷಿಯಾದ ಪಂಚರೂ ತನಿಖಾಧಿಕಾರಿಯೂ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಂದು ಸಾಕ್ಷಿ ನುಡಿಯಬೇಕು. ಈ ಖರ್ಚನ್ನು ನಾನು ದುಂದು ಎನ್ನಲಾರೆ, ಮಾಡಲೇಬೇಕಾದದ್ದು. ಶಿಕ್ಷೆಯನ್ನಷ್ಟೇ ಏರಿಸಿ ಪ್ರಯೋಗಾಲಯಕ್ಕೆ ಸಿಬ್ಬಂದಿ ಕೊಡದಿದ್ದರೆ ವರದಿ ತಡವಾಗುತ್ತದೆ. ಸಾಧ್ಯವಾದಷ್ಟು ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕೆಂಬ ಅದೇ ಕಾಯ್ದೆಯ ಮಾತು ಕಾಗದದಲ್ಲೇ ಉಳಿಯುತ್ತದೆ.